ಹೊಲಕ್ಕೆ ಮರಳಿದ ಕುಲಪತಿ

ಶಿವನಸಮುದ್ರದಲ್ಲಿ ಕಾವೇರಿಯು ಬಂಡೆಗಳ ನಡುವೆ ಧುಮುಕಿ ಕೆಳಗಿಳಿಯುವ ಎಡೆಯಲ್ಲಿ ಬ್ಲಫ್ ಎಂಬ ಪುಟ್ಟ ನೆಲೆಯಿದೆ. 1902ರಲ್ಲಿ ಅಲ್ಲಿನ ವಿದ್ಯುದಾಗಾರದಿಂದ ಹೊರಟ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆದರೆ ಅಲ್ಲಿಂದ ಮಳವಳ್ಳಿ, ಮದ್ದೂರು, ಮಂಡ್ಯಗಳತ್ತ ಹೊರಟರೆ ಕಣ್ಣಿಗೆ ಬೀಳುವುದು ರಾಗಿ, ಭತ್ತ, ಕಬ್ಬು ಮತ್ತು ಹಿಪ್ಪುನೇರಳೆಯ ಹೊಲಗದ್ದೆಗಳೇ. ಈ ಹೊಲಗಳನ್ನು ನೆಚ್ಚಿಕೊಂಡ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಮಗನೋ ಮಗಳೋ ಓದಿನಲ್ಲಿ ಮುಂದಿದ್ದರೆ ಹೆತ್ತವರಿಗೆ ಹರ್ಷವಾಗುತ್ತದೆ. ಅದರ ಹಿಂದೆಯೇ ಅಂಜಿಕೆಯೂ ಬರುತ್ತದೆ. ಓದಿದವರು ಊರು ಬಿಡುತ್ತಾರೆ. ಊರು ಬಿಟ್ಟವರು ಮಣ್ಣನ್ನು ಮರೆಯುತ್ತಾರೆ. ಹಾಗಾದರೆ ಜಮೀನಿನ ಗತಿಯೇನು ಎಂಬುದು ಆ ಅಂಜಿಕೆ. ಬ್ಲಫ್‌ನ ವಿದ್ಯುತ್ತು ಹರಿದ ಮರುವರ್ಷ, ಅಂದರೆ 1903ರ ಅಕ್ಟೋಬರ್ 22ರಂದು, ಅಮೆರಿಕದ ನೆಬ್ರಾಸ್ಕ ರಾಜ್ಯದ ವಾಹೂ ಎಂಬ ಸಣ್ಣ ಪಟ್ಟಣದ ಬಳಿಯ ರೈತನೊಬ್ಬನ ಮನೆಯಲ್ಲಿ ಹುಟ್ಟಿದ ಮಗುವಿನ ಬಾಳು ಈ ಪ್ರಶ್ನೆಗೆ ಒಂದು ಉತ್ತರವಾಗಬಲ್ಲದು. ಆತನೇ ಜಾರ್ಜ್ ವೆಲ್ಸ್ ಬೀಡ್ಲ್. ತಳಿವಿಜ್ಞಾನದಲ್ಲಿ ನೊಬೆಲ್ ಬಹುಮಾನ ಪಡೆದು, ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದ ಅತ್ಯುನ್ನತ ಪೀಠವನ್ನೇರಿ, ಕಡೆಗೆ ಕೈಯಲ್ಲಿ ಗುದ್ದಲಿ ಹಿಡಿದು ಮುಸುಕಿನ ಜೋಳದ ಸಾಲುಗಳಿಗೆ ಹಿಂದಿರುಗಿದ ವ್ಯಕ್ತಿ.

ಬೀಡ್ಲ್ ಮನೆತನದ್ದು ಸುಮಾರು 40 ಎಕರೆಯ ಜಮೀನು. ಅಮೆರಿಕದ ಲೆಕ್ಕದಲ್ಲಿ ಅದು ಸಣ್ಣ ಹಿಡುವಳಿಯೇ. ಮುಸುಕಿನ ಜೋಳ, ಆಲೂಗೆಡ್ಡೆ, ತರಕಾರಿಗಳ ಬೇಸಾಯ ಅಲ್ಲಿ ನಡೆಯುತ್ತಿತ್ತು. ಜಾರ್ಜ್‌ಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮನೆಗೆಲಸದ ಹೆಂಗಸರ ಆರೈಕೆಯಲ್ಲಿ ಮಕ್ಕಳು ಬೆಳೆದರು. ಕೆಲವು ವರ್ಷಗಳ ಬಳಿಕ ಅಣ್ಣನೂ ಸತ್ತನು. ಹೀಗೆ ತಂದೆಯ ಜಮೀನಿಗೆ ಉಳಿದ ಗಂಡುಮಗ ಜಾರ್ಜ್ ಒಬ್ಬನೇ. ತಂದೆಯ ಮನಸ್ಸಿನಲ್ಲಾಗಲಿ ಮಗನ ಮನಸ್ಸಿನಲ್ಲಾಗಲಿ ಭವಿಷ್ಯದ ವಿಷಯದಲ್ಲಿ ಅನುಮಾನವಿರಲಿಲ್ಲ. ಹುಡುಗ ಶಾಲೆ ಮುಗಿಸುವುದು, ನೇಗಿಲು ಹಿಡಿಯುವುದು, ಅಷ್ಟೇ.

ಈ ನಿಶ್ಚಿತ ದಾರಿಯನ್ನು ತಿರುಗಿಸಿದವರು ವಾಹೂ ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕಿ ಬೆಸ್ ಮ್ಯಾಕ್‌ಡೊನಾಲ್ಡ್ ಅವರು. ಹುಡುಗನ ಬುದ್ಧಿಯ ಹರಿತವನ್ನು ಗುರುತಿಸಿದ ಅವರು ಕಾಲೇಜಿಗೆ ಹೋಗಲೇಬೇಕೆಂದು ಒತ್ತಾಯಿಸಿದರು. ಬೀಡ್ಲ್ ಅವರು ಜೀವನದುದ್ದಕ್ಕೂ ಆ ಅಧ್ಯಾಪಕಿಯ ಉಪಕಾರವನ್ನು ಸ್ಮರಿಸುತ್ತಿದ್ದರು. ಹಾಗೆ 1922ರಲ್ಲಿ ಲಿಂಕನ್ ನಗರದ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜಿಗೆ ಸೇರಿದಾಗಲೂ ಹುಡುಗನ ಉದ್ದೇಶ ಬೇಸಾಯ ಕಲಿತು ವಾಹೂವಿಗೆ ಮರಳುವುದೇ ಆಗಿತ್ತು. ಒಂದು ಸಣ್ಣ ಊರಿನ ಶಾಲೆಯಲ್ಲಿ ಒಬ್ಬ ಅಧ್ಯಾಪಕಿ ತೋರಿದ ಆಸ್ಥೆ ಎಷ್ಟು ದೂರ ಸಾಗಬಲ್ಲದೆಂಬುದನ್ನು ನಮ್ಮ ಹಳ್ಳಿಶಾಲೆಗಳಲ್ಲಿ ದುಡಿಯುವ ಶಿಕ್ಷಕರು, ಕನ್ಯಾಸ್ತ್ರೀಯರು ಮನಗಾಣಬೇಕು. ವಿದ್ಯಾರ್ಥಿಯ ಮುಂದಿನ ಬಾಳು ಅವರ ಕಣ್ಣಿಗೆ ಬೀಳದೆಯೂ ಹೋಗಬಹುದು. ಬೀಜ ಬಿತ್ತಿದವರೇ ಯಾವಾಗಲೂ ಕೊಯ್ಲು ಕಾಣುವುದಿಲ್ಲ.

ಲಿಂಕನ್‌ನಲ್ಲಿ ಫ್ರಾಂಕ್ಲಿನ್ ಕೈಮ್ ಎಂಬ ಬೇಸಾಯಶಾಸ್ತ್ರದ ಪ್ರಾಧ್ಯಾಪಕರು ಈ ಹುಡುಗನನ್ನು ಗೋಧಿಯ ಸಂಕರದ ಕೆಲಸಕ್ಕೆ ಹಚ್ಚಿದರು. ಎರಡು ತಳಿಗಳನ್ನು ಕೂಡಿಸಿ ಮೂರನೆಯದನ್ನು ಪಡೆಯುವ ಈ ಕೆಲಸ ಎಂಥದೆಂಬುದನ್ನು ಮಂಡ್ಯದ ರೈತರಿಗೆ ಬೇರೆಯಾಗಿ ಹೇಳಬೇಕಿಲ್ಲ. ನಮ್ಮ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಇದೇ ವಿದ್ಯೆಯಿಂದ. ಈ ವಿದ್ಯೆಯ ಮೂಲಪುರುಷ ನಮ್ಮ ಧರ್ಮಸಭೆಯ ಒಬ್ಬ ಸನ್ಯಾಸಿ, ಗ್ರೆಗೊರ್ ಮೆಂಡೆಲ್.

ಮೆಂಡೆಲರ ಕಥೆಯನ್ನು ಇಲ್ಲಿ ತುಸು ನೆನೆಯುವುದು ಉಚಿತ. ಅವರೂ ರೈತನ ಮಗನೇ, 1822ರಲ್ಲಿ ಹುಟ್ಟಿದವರು. ತಂದೆಗೆ ಪೆಟ್ಟಾಗಿ ದುಡಿಯಲಾರದಂತಾದಾಗ ಜಮೀನು ಅಳಿಯನ ಪಾಲಾಯಿತು. ಅಣ್ಣನ ಓದು ನಿಲ್ಲಬಾರದೆಂದು ತಂಗಿ ತೆರೇಸಿಯ ತನ್ನ ವರದಕ್ಷಿಣೆಯ ಒಂದು ಭಾಗವನ್ನೇ ಬಿಟ್ಟುಕೊಟ್ಟಳು. ಅಣ್ಣನಾದ ಮೆಂಡೆಲರು ಮುಂದೆ ಅವಳ ಮಕ್ಕಳನ್ನು ಓದಿಸಿ ಆ ಋಣ ತೀರಿಸಿದರು. 1843ರಲ್ಲಿ ಬ್ರುನೋ ನಗರದ ಆಗಸ್ಟಿನ್ ಸಭೆಯ ಮಠವನ್ನು ಸೇರಿದ ಅವರು, ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆದು, ಎಣಿಸಿ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ನಿಯಮವನ್ನು ಕಂಡುಹಿಡಿದರು. 1866ರಲ್ಲಿ ಅಚ್ಚಾದ ಆ ಪ್ರಬಂಧವನ್ನು ಲೋಕ 1900ರವರೆಗೆ ಲೆಕ್ಕಿಸಲೇ ಇಲ್ಲ. ಲೋಕ ಎಚ್ಚೆತ್ತ ಮೂರು ವರ್ಷಕ್ಕೆ ಬೀಡ್ಲ್ ಹುಟ್ಟಿದರು. ಮೆಂಡೆಲರ ಬಾಳಿನ ಉತ್ತರಾರ್ಧವನ್ನು ಮುಂದೆ ಹೇಳುತ್ತೇನೆ. ಬೀಡ್ಲ್ ಅವರ ಒಂದು ಮಹತ್ತ್ವದ ತೀರ್ಮಾನವನ್ನು ತೂಗಿ ನೋಡಲು ಅದು ಬೇಕಾಗುತ್ತದೆ.

ಕೈಮ್ ಅವರ ನೆರವಿನಿಂದ ಬೀಡ್ಲ್ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಮುಸುಕಿನ ಜೋಳದ ತಳಿವಿಜ್ಞಾನದಲ್ಲಿ ಹೆಸರುವಾಸಿಯಾಗಿದ್ದ ರಾಲಿನ್ಸ್ ಎಮರ್ಸನ್ ಅವರ ಶಿಷ್ಯರಾದರು. ಮುಂದೆ 1983ರಲ್ಲಿ ನೊಬೆಲ್ ಪಡೆದ ಬಾರ್ಬರ ಮ್ಯಾಕ್‌ಕ್ಲಿಂಟಾಕ್ ಅಲ್ಲಿ ಸಹೋದ್ಯೋಗಿಯಾಗಿದ್ದರು. ಈ ವಿಜ್ಞಾನಿಗಳ ಪ್ರಯೋಗಶಾಲೆ ಎಂದರೆ ಮುಖ್ಯವಾಗಿ ಹೊಲವೇ. ಜೋಳದ ತೆನೆಯ ತುದಿಯಲ್ಲಿ ಕಾಣುವ ಒಂದೊಂದು ರೇಷ್ಮೆಯೆಳೆಯೂ ಒಂದೊಂದು ಕಾಳಿನ ದಾರಿ. ಗಂಡುಹೂವಿಗೂ ತೆನೆಗೂ ಚೀಲ ಕಟ್ಟಿ, ಬೇಕಾದ ಪರಾಗವನ್ನು ಬೇಕಾದ ಎಳೆಗಳ ಮೇಲೆ ಉದುರಿಸಿ, ಬಿಸಿಲಲ್ಲಿ ದಿನವಿಡೀ ದುಡಿಯಬೇಕು. ವಾಹೂವಿನ ರೈತನ ಮಗನಿಗೆ ಇದು ಪರಿಚಿತ ದುಡಿಮೆ. ಆ ಹೊಲದಲ್ಲಿಯೇ ಅವರಿಗೆ ಟಿಯೊಸಿಂಟೆ ಎಂಬ ಮೆಕ್ಸಿಕೋ ದೇಶದ ಕಾಡುಹುಲ್ಲಿನ ಪರಿಚಯವಾಯಿತು. ಆ ಹುಲ್ಲನ್ನು ಜೋಳದೊಡನೆ ಕೂಡಿಸಿದರೆ ಹುಟ್ಟುವ ಸಂತಾನ ಬಂಜೆಯಾಗಿರಲಿಲ್ಲ. ಎರಡರ ವರ್ಣತಂತುಗಳೂ ಸಲೀಸಾಗಿ ಜೊತೆಗೂಡುತ್ತಿದ್ದವು. ಜೋಳದ ಪೂರ್ವಜ ಈ ಹುಲ್ಲೇ ಇರಬೇಕೆಂಬ ಎಣಿಕೆ ಆಗಲೇ ಮನಸ್ಸಿನಲ್ಲಿ ನೆಟ್ಟಿತು. ಅದು ನಲವತ್ತು ವರ್ಷ ಅಲ್ಲಿಯೇ ಕಾದುಕೊಂಡಿತ್ತು.

1931ರಲ್ಲಿ ಡಾಕ್ಟರೇಟ್ ಪಡೆದು ಬೀಡ್ಲ್ ಅವರು ಕ್ಯಾಲಿಫೋರ್ನಿಯದ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಕ್ಯಾಲ್‌ಟೆಕ್‌ಗೆ, ತೆರಳಿದರು. ಹಣ್ಣಿನ ನೊಣದ ಮೇಲೆ ಪ್ರಯೋಗ ನಡೆಸಿ ವಂಶವಾಹಿಗಳು ವರ್ಣತಂತುಗಳ ಮೇಲೆ ಸಾಲಾಗಿರುತ್ತವೆಂದು ತೋರಿಸಿದ ಥಾಮಸ್ ಹಂಟ್ ಮಾರ್ಗನ್ ಅಲ್ಲಿದ್ದರು. ವಂಶವಾಹಿ ಎಲ್ಲಿದೆ ಎಂಬುದು ಆ ವೇಳೆಗೆ ಗೊತ್ತಾಗಿತ್ತು. ಅದು ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಒಂದು ವಂಶವಾಹಿ ಕೆಟ್ಟರೆ ನೊಣದ ಕಣ್ಣಿನ ಬಣ್ಣ ಏಕೆ ಬದಲಾಗುತ್ತದೆ? ವಂಶವಾಹಿಗೂ ಬಣ್ಣಕ್ಕೂ ನಡುವೆ ನಡೆಯುವ ವ್ಯಾಪಾರವೇನು? ಈ ಪ್ರಶ್ನೆಯ ಬೆನ್ನು ಹತ್ತಿ 1935ರಲ್ಲಿ ಅವರು ಬೋರಿಸ್ ಎಫ್ರುಸಿ ಎಂಬ ವಿಜ್ಞಾನಿಯೊಡನೆ ಕೆಲಸ ಮಾಡಲು ಪ್ಯಾರಿಸ್‌ಗೆ ಹೋದರು. ಒಂದು ಮರಿಹುಳುವಿನ ಕಣ್ಣಾಗಲಿರುವ ಎಳೆಯ ಅಂಗಾಂಶವನ್ನು ತೆಗೆದು ಇನ್ನೊಂದರ ಹೊಟ್ಟೆಯಲ್ಲಿ ನೆಟ್ಟರು. ಹುಳು ನೊಣವಾದಾಗ ಹೊಟ್ಟೆಯೊಳಗೆ ಮೂರನೆಯ ಕಣ್ಣೊಂದು ಬೆಳೆದಿತ್ತು. ಕೆಲವು ಬಗೆಯ ಕೆಟ್ಟ ಬಣ್ಣದ ಕಣ್ಣುಗಳು ಆರೋಗ್ಯವಂತ ನೊಣದ ಮೈಯಲ್ಲಿ ಬೆಳೆದಾಗ ಸರಿಯಾದ ಬಣ್ಣ ಪಡೆದವು. ಹಾಗಾದರೆ ಆ ಕಣ್ಣಿಗೆ ಇಲ್ಲದಿದ್ದ ಯಾವುದೋ ದ್ರವ್ಯವನ್ನು ಆಶ್ರಯ ಕೊಟ್ಟ ದೇಹ ಒದಗಿಸಿತೆಂದಾಯಿತು. ಬಣ್ಣ ಹುಟ್ಟುವುದು ಹಲವು ಮೆಟ್ಟಿಲುಗಳಲ್ಲಿ. ಒಂದೊಂದು ಮೆಟ್ಟಿಲನ್ನು ಒಂದೊಂದು ವಂಶವಾಹಿ ಕಾಯುತ್ತದೆ ಎಂದು ಇದು ಸೂಚಿಸಿತು.

ಆದರೆ ಆ ದ್ರವ್ಯವಾವುದು? ಹಾರ್ವರ್ಡ್‌ನಲ್ಲಿ ಒಂದು ವರ್ಷವಿದ್ದು, 1937ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಬೀಡ್ಲ್, ಎಡ್ವರ್ಡ್ ಟೇಟಮ್ ಎಂಬ ಜೀವರಸಾಯನಶಾಸ್ತ್ರಜ್ಞರನ್ನು ಜೊತೆಗಿಟ್ಟುಕೊಂಡು ಅದನ್ನು ಹುಡುಕಿದರು. ವರ್ಷಗಟ್ಟಲೆ ಶ್ರಮ ನಡೆದಿತ್ತು. ಅಷ್ಟರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಸಂಗಡಿಗರು ಅದನ್ನು ಗುರುತಿಸಿ ಪ್ರಕಟಿಸಿಬಿಟ್ಟರು. ಸೋಲು ಸೋಲೇ. ಆದರೆ ಬೀಡ್ಲ್ ಅವರ ದೊಡ್ಡತನ ಕಾಣುವುದು ಇಲ್ಲಿಯೇ. ಟೇಟಮ್ ಅವರ ಪಾಠವೊಂದನ್ನು ಕೇಳುತ್ತ ಕುಳಿತಿದ್ದಾಗ, ತಾವು ಪ್ರಶ್ನೆಯನ್ನೇ ತಲೆಕೆಳಗಾಗಿ ಹಿಡಿದಿರುವುದು ಅವರಿಗೆ ಹೊಳೆಯಿತು. ಗೊತ್ತಿರುವ ವಂಶವಾಹಿಯಿಂದ ಹೊರಟು ಗೊತ್ತಿಲ್ಲದ ರಸಾಯನವನ್ನು ಹುಡುಕುವುದರ ಬದಲು, ಗೊತ್ತಿರುವ ರಸಾಯನದಿಂದ ಹೊರಟು ಅದನ್ನು ಆಳುವ ವಂಶವಾಹಿಯನ್ನು ಏಕೆ ಹುಡುಕಬಾರದು? ನೊಣವನ್ನು ಬಿಟ್ಟು ಅವರು ರೊಟ್ಟಿಯ ಮೇಲೆ ಬೆಳೆಯುವ ಕೆಂಪು ಬೂಷ್ಟನ್ನು, ನ್ಯೂರೋಸ್ಪೋರವನ್ನು, ಕೈಗೆತ್ತಿಕೊಂಡರು.

ಈ ಬೂಷ್ಟಿನದು ಬಲು ಸರಳವಾದ ಊಟ. ಸಕ್ಕರೆ, ಕೆಲವು ಲವಣಗಳು, ಬಯೋಟಿನ್ ಎಂಬ ಒಂದೇ ಜೀವಸತ್ತ್ವ. ಇಷ್ಟು ಕೊಟ್ಟರೆ ಬೇಕಾದ ಉಳಿದೆಲ್ಲವನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಕ್ಷ-ಕಿರಣ ಹಾಯಿಸಿ ಅದರ ವಂಶವಾಹಿಗಳನ್ನು ಅಲ್ಲಲ್ಲಿ ಕೆಡಿಸಿದರೆ, ಕೆಲವು ಬೂಷ್ಟುಗಳಾದರೂ ಯಾವುದೋ ಒಂದು ಪದಾರ್ಥವನ್ನು ತಯಾರಿಸುವ ಶಕ್ತಿ ಕಳೆದುಕೊಳ್ಳಬೇಕು. ಅಂಥದು ಬಡ ಊಟದಲ್ಲಿ ಬೆಳೆಯದು. ಕಳೆದುಕೊಂಡ ಪದಾರ್ಥವನ್ನು ಕೈಯಾರೆ ಕೊಟ್ಟರೆ ಬೆಳೆದೀತು. ಒಂದೊಂದು ಬೀಜಕವನ್ನೂ ಬೇರೆ ಬೇರೆ ಗಾಜಿನ ನಳಿಗೆಯಲ್ಲಿ ಬೆಳೆಸಿ ಪರೀಕ್ಷಿಸುತ್ತ ಹೋದರು. ಮೊದಲ ಇನ್ನೂರ ತೊಂಬತ್ತೆಂಟು ನಳಿಗೆಗಳಲ್ಲಿ ಏನೂ ದೊರೆಯಲಿಲ್ಲ. 299ನೆಯದು ಬಿ6 ಜೀವಸತ್ತ್ವ ಕೊಟ್ಟರೆ ಮಾತ್ರ ಬೆಳೆಯಿತು! ಅದನ್ನು ಆರೋಗ್ಯವಂತ ಬೂಷ್ಟಿನೊಡನೆ ಕೂಡಿಸಿದಾಗ ಸಂತಾನದಲ್ಲಿ ಅರ್ಧಕ್ಕೆ ದೋಷವಿತ್ತು, ಅರ್ಧಕ್ಕೆ ಇರಲಿಲ್ಲ. ಒಂದೇ ವಂಶವಾಹಿ ಕೆಟ್ಟಿದೆಯೆಂಬುದಕ್ಕೆ ಮೆಂಡೆಲರ ಲೆಕ್ಕವೇ ಸಾಕ್ಷಿಯಾಯಿತು. 1941ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಜೀವಕೋಶದ ಒಂದೊಂದು ರಾಸಾಯನಿಕ ಕೆಲಸವನ್ನೂ ಒಂದೊಂದು ಕಿಣ್ವ ನಡೆಸುತ್ತದೆ. ಒಂದೊಂದು ಕಿಣ್ವವನ್ನು ಒಂದೊಂದು ವಂಶವಾಹಿ ನಿರ್ಧರಿಸುತ್ತದೆ ಎಂಬ ತತ್ತ್ವ ನೆಲೆನಿಂತಿತು. ವಂಶವಾಹಿಗಳ ವ್ಯವಹಾರ ಇದಕ್ಕಿಂತ ಜಟಿಲವೆಂದು ಇಂದು ತಿಳಿದಿದೆ. ಒಂದೇ ವಂಶವಾಹಿಯಿಂದ ಹಲವು ಪ್ರೋಟೀನುಗಳು ಹುಟ್ಟುವುದೂ ಉಂಟು. ಆದರೂ ಆಧುನಿಕ ಜೀವವಿಜ್ಞಾನ ಏರಿದ್ದು ಈ ಮೆಟ್ಟಿಲನ್ನು ತುಳಿದೇ.

ಈ ಬೂಷ್ಟಿನ ಕಥೆಗೂ ನಮ್ಮ ಮನೆಗಳಿಗೂ ಸಂಬಂಧವಿಲ್ಲವೆಂದು ಭಾವಿಸಬೇಕಿಲ್ಲ. ಆರ್ಚಿಬಾಲ್ಡ್ ಗ್ಯಾರೊಡ್ ಎಂಬ ಇಂಗ್ಲಿಷ್ ವೈದ್ಯರು 1902ರಲ್ಲಿಯೇ ಮಕ್ಕಳ ಮೂತ್ರ ಕಪ್ಪಾಗುವ ಒಂದು ಅಪರೂಪದ ದೋಷವನ್ನು ಪರಿಶೀಲಿಸಿ, ಅದು ವಂಶಪಾರಂಪರ್ಯವಾಗಿ ಬಂದ ರಾಸಾಯನಿಕ ಕೊರತೆಯೆಂದು ಊಹಿಸಿದ್ದರು. ಇಂಥ ಮಕ್ಕಳ ತಂದೆತಾಯಿಗಳು ಅನೇಕ ವೇಳೆ ಹತ್ತಿರದ ರಕ್ತಸಂಬಂಧಿಗಳಾಗಿರುವುದನ್ನೂ ಅವರು ಗಮನಿಸಿದ್ದರು. ನೊಬೆಲ್ ಸ್ವೀಕರಿಸಿದಾಗ ಬೀಡ್ಲ್ ಅವರು, ತಾವು ಬೂಷ್ಟಿನಲ್ಲಿ ಕಂಡದ್ದನ್ನು ಗ್ಯಾರೊಡ್ ಮನುಷ್ಯರಲ್ಲಿ ಬಹು ಹಿಂದೆಯೇ ಕಂಡಿದ್ದರೆಂದು ಸಭೆಯ ಮುಂದೆ ಒಪ್ಪಿಕೊಂಡರು. ಮರೆತುಹೋಗಿದ್ದವನಿಗೆ ಸಲ್ಲಬೇಕಾದ ಗೌರವವನ್ನು ತಾನಾಗಿ ಸಲ್ಲಿಸುವುದು ವಿದ್ವಾಂಸರಲ್ಲಿ ಕೂಡ ವಿರಳ. ಒಂದೇ ದೋಷವನ್ನು ಗುಟ್ಟಾಗಿ ಹೊತ್ತ ಇಬ್ಬರು ಕೂಡಿದಾಗ ಅದು ಮಗುವಿನಲ್ಲಿ ಪ್ರಕಟವಾಗುವ ಸಂಭವವಿರುತ್ತದೆ. ರಕ್ತಸಂಬಂಧಿಗಳಲ್ಲಿ ಅಂಥ ಹೊಂದಿಕೆ ಹೆಚ್ಚು. ಸೋದರಮಾವನಿಗೆ ಸೊಸೆಯನ್ನು ಕೊಡುವ ರೂಢಿಯಿರುವ ನಮ್ಮ ಸೀಮೆಯಲ್ಲಿ, ಧರ್ಮಸಭೆಯ ಕಾನೂನು ಸೋದರಮಾವ–ಸೊಸೆಯರ ಮತ್ತು ಒಡಹುಟ್ಟಿದವರ ಮಕ್ಕಳ ನಡುವಣ ವಿವಾಹವನ್ನು ಏಕೆ ತಡೆಯುತ್ತದೆಂದು ಕೇಳುವ ಹೆತ್ತವರಿಗೆ, ಆ ಕಾನೂನಿನ ಹಿಂದೆ ಬೇರೆ ಕಾರಣಗಳಿದ್ದರೂ, ಈ ವಿಜ್ಞಾನವೂ ಒಂದು ಉತ್ತರ ಕೊಡುತ್ತದೆ.

1946ರಲ್ಲಿ ಬೀಡ್ಲ್ ಕ್ಯಾಲ್‌ಟೆಕ್‌ಗೆ ಮರಳಿ, ಮಾರ್ಗನ್ ಕಟ್ಟಿದ್ದ ಜೀವವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಅಂದಿನಿಂದ ಅವರ ಸ್ವಂತ ಪ್ರಯೋಗಗಳು ನಿಂತವೆಂದೇ ಹೇಳಬೇಕು. ಪ್ರಯೋಗಶಾಲೆಯ ಕೆಲಸವನ್ನೂ ವಿಭಾಗದ ಹೊಣೆಯನ್ನೂ ಏಕಕಾಲಕ್ಕೆ ಚೆನ್ನಾಗಿ ನಿರ್ವಹಿಸಲಾಗದೆಂದು ಅವರು ಕಂಡುಕೊಂಡರು. ಇತರರು ದುಡಿಯಲು ಬೇಕಾದ ನೆಲವನ್ನು ಹದಗೊಳಿಸುವುದೇ ಅವರ ಕಸುಬಾಯಿತು. ಲೋಕದ ಮನ್ನಣೆ ಬಂದದ್ದು ಆಮೇಲೆ. 1958ರ ವೈದ್ಯವಿಜ್ಞಾನದ ನೊಬೆಲ್ ಬಹುಮಾನದ ಅರ್ಧ ಬೀಡ್ಲ್ ಮತ್ತು ಟೇಟಮ್ ಅವರಿಗೆ, ಇನ್ನರ್ಧ ಜೋಷುವ ಲೆಡರ್‌ಬರ್ಗ್ ಅವರಿಗೆ ಸಂದಿತು. ಖಾಸಗಿ ಬಾಳು ಮಾತ್ರ ನೋವಿಲ್ಲದೆ ಸಾಗಲಿಲ್ಲ. ಮೊದಲ ದಾಂಪತ್ಯ 1953ರಲ್ಲಿ ಮುರಿಯಿತು. ಆಮೇಲೆ ಕೈಹಿಡಿದ ಪತ್ರಕರ್ತೆ ಮ್ಯೂರಿಯಲ್ ಕೊನೆಯವರೆಗೂ ಜೊತೆಗಿದ್ದರು. ದಂಪತಿಗಳು ಕೂಡಿ ಜನಸಾಮಾನ್ಯರಿಗಾಗಿ ತಳಿವಿಜ್ಞಾನದ ಪುಸ್ತಕವೊಂದನ್ನು ಬರೆದು 1966ರಲ್ಲಿ ಪ್ರಕಟಿಸಿದರು.

1961ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯ ತನ್ನನ್ನು ನಡೆಸಲು ಬೀಡ್ಲ್ ಅವರನ್ನು ಕರೆಯಿತು. ನಮ್ಮ ರೂಢಿಯಲ್ಲಿ ಅದನ್ನು ಕುಲಪತಿಯ ಪೀಠವೆನ್ನಬಹುದು. ಮೆಂಡೆಲರ ಉತ್ತರಾರ್ಧ ನೆನಪಾಗುವುದು ಇಲ್ಲಿ. 1868ರಲ್ಲಿ ಅವರನ್ನು ಮಠಾಧ್ಯಕ್ಷರನ್ನಾಗಿ ಆರಿಸಲಾಯಿತು. ಅಲ್ಲಿಂದ ಮುಂದೆ ಲೆಕ್ಕಪತ್ರ, ಆಡಳಿತ, ಆಮೇಲೆ 1874ರ ತೆರಿಗೆ ಕಾನೂನನ್ನು ವಿರೋಧಿಸಿ ಸರ್ಕಾರದೊಡನೆ ನಡೆಸಿದ ದೀರ್ಘ ವ್ಯಾಜ್ಯ. ಇವುಗಳಲ್ಲಿಯೇ ಶಕ್ತಿ ಸವೆಯಿತು. ತೋಟದ ಪ್ರಯೋಗಗಳು ಬಡವಾದವು. 1884ರಲ್ಲಿ ತೀರಿಕೊಂಡಾಗ ಊರು ಕಳೆದುಕೊಂಡದ್ದು ಒಬ್ಬ ಮಠಾಧ್ಯಕ್ಷರನ್ನು; ವಿಜ್ಞಾನಿಯೊಬ್ಬರು ಹೋದರೆಂದು ಅರಿತವರು ಬಹಳ ಮಂದಿ ಇರಲಿಲ್ಲ. ಪದವಿಯು ಸೇವೆಗೆ ಕರೆಯುತ್ತದೆ, ಜೊತೆಗೆ ಬೆಲೆಯನ್ನೂ ಕೇಳುತ್ತದೆ. ಆ ಬೆಲೆ ಅನೇಕ ವೇಳೆ ಮನುಷ್ಯ ಅತ್ಯಂತ ಪ್ರೀತಿಸುವ ಕೆಲಸವೇ ಆಗಿರುತ್ತದೆ. ಬೀಡ್ಲ್ ಇದನ್ನು ತಿಳಿದೇ ಒಪ್ಪಿದರು.

ಷಿಕಾಗೋ ಹೆಸರಾಂತ ವಿದ್ಯಾಕೇಂದ್ರ; 1942ರಲ್ಲಿ ಪರಮಾಣುವಿನ ಮೊದಲ ನಿಯಂತ್ರಿತ ಸರಪಣಿ ಕ್ರಿಯೆ ನಡೆದ ಸ್ಥಳ. ಆದರೆ ಬೀಡ್ಲ್ ಬರುವ ಹೊತ್ತಿಗೆ ಅದರ ಸುತ್ತಣ ಬಡಾವಣೆಗಳು ಸೊರಗಿದ್ದವು. ಒಳ್ಳೆಯ ಅಧ್ಯಾಪಕರು ಬಿಟ್ಟುಹೋಗುತ್ತಿದ್ದರು. ಅವರನ್ನು ಉಳಿಸಿಕೊಳ್ಳುವುದು, ಹೊಸಬರನ್ನು ಕರೆತರುವುದು, ಅದಕ್ಕೆ ಹಣ ಕೂಡಿಸುವುದು ಅವರ ಮೊದಲ ಕೆಲಸವಾಯಿತು. 1965ರಲ್ಲಿ 16 ಕೋಟಿ ಡಾಲರ್ ಸಂಗ್ರಹಿಸುವ ಆಂದೋಲನ ಆರಂಭವಾಯಿತು. 1970ರಲ್ಲಿ ಬಾಗಿಲು ತೆರೆದ ಬೃಹತ್ ರೆಗೆನ್‌ಸ್ಟೈನ್ ಗ್ರಂಥಾಲಯಕ್ಕೆ ಬುನಾದಿ ಬಿದ್ದದ್ದು ಅವರ ಕಾಲದಲ್ಲಿಯೇ.

ಅವರ ಆಡಳಿತದಲ್ಲಿ ಕಪ್ಪುಚುಕ್ಕೆಯೊಂದಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ವಿಶ್ವವಿದ್ಯಾನಿಲಯದ ಒಡೆತನದ ಕೆಲವು ಮನೆಗಳನ್ನು ಕರಿಯರಿಗೆ ಬಾಡಿಗೆಗೆ ಕೊಡುತ್ತಿರಲಿಲ್ಲ. 1962ರ ಜನವರಿಯಲ್ಲಿ ವಿದ್ಯಾರ್ಥಿಗಳು ಇದನ್ನು ಬಯಲಿಗೆಳೆದು, ಬೀಡ್ಲ್ ಅವರ ಕಚೇರಿಯ ಮುಂದೆಯೇ ಎರಡು ವಾರಗಳಷ್ಟು ಕಾಲ ಧರಣಿ ಕೂತರು. ಮುಂದೆ ಅಮೆರಿಕದ ಸೆನೆಟ್ ಸದಸ್ಯರಾದ ಬರ್ನಿ ಸ್ಯಾಂಡರ್ಸ್ ಆ ವಿದ್ಯಾರ್ಥಿಗಳಲ್ಲೊಬ್ಬರು. ಭೇದ ನಡೆಯುತ್ತಿರುವುದನ್ನು ಬೀಡ್ಲ್ ಅಲ್ಲಗಳೆಯಲಿಲ್ಲ. ಆದರೆ ನೆರೆಹೊರೆಯ ಸಮತೋಲ ಕೆಡದಂತೆ ಹಂತಹಂತವಾಗಿ ಅದನ್ನು ತೊಡೆಯಬೇಕೆಂಬುದು ಅವರ ನಿಲುವಾಗಿತ್ತು. ಮನುಷ್ಯರ ವಂಶವಾಹಿಗಳನ್ನು ಅಷ್ಟು ಬಲ್ಲವರಿಗೆ ಮೈಬಣ್ಣದ ಭೇದ ಎಷ್ಟು ಪೊಳ್ಳೆಂಬುದು ತಿಳಿಯದೆ ಇರಲಿಲ್ಲ. ತಿಳಿದೂ ಅವರು ತಡೆದು ನಡೆದರು. ಪೀಠದ ಮೇಲೆ ಕುಳಿತವನಿಗೆ ನ್ಯಾಯವು ಯಾವಾಗಲೂ ನಾಳೆ ಮಾಡಬಹುದಾದ ಕೆಲಸವಾಗಿ ತೋರುತ್ತದೆ. ಬಾಗಿಲಲ್ಲಿ ನಿಂತವನಿಗೆ ಅದು ಇಂದೇ ಆಗಬೇಕಾಗಿರುತ್ತದೆ. ಜಾತಿಯ ಹೆಸರಿನಲ್ಲಿ ಬಾಡಿಗೆಮನೆ ಸಿಗದ ಅನುಭವವಿರುವ ನಮ್ಮ ನಾಡಿನಲ್ಲಿ ಈ ಮಾತನ್ನು ವಿವರಿಸಬೇಕಿಲ್ಲ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿದ್ಯಾರ್ಥಿಗಳು ಮತ್ತೆ ಆಡಳಿತ ಕಟ್ಟಡವನ್ನು ಆಕ್ರಮಿಸಿದರು. ಸಾರ್ವಜನಿಕ ವಿವಾದಗಳಲ್ಲಿ ವಿಶ್ವವಿದ್ಯಾನಿಲಯ ಹೇಗೆ ನಡೆದುಕೊಳ್ಳಬೇಕೆಂಬುದನ್ನು ವಿಚಾರಿಸಲು 1967ರಲ್ಲಿ ಬೀಡ್ಲ್ ಅವರು ಹ್ಯಾರಿ ಕ್ಯಾಲ್ವೆನ್ ಎಂಬ ಕಾನೂನು ಪ್ರಾಧ್ಯಾಪಕರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಪ್ರತಿಯೊಬ್ಬ ಅಧ್ಯಾಪಕನೂ ವಿದ್ಯಾರ್ಥಿಯೂ ತನ್ನ ಅಭಿಪ್ರಾಯ ಹೇಳಲು ಸ್ವತಂತ್ರ. ಅದು ಸಾಧ್ಯವಾಗಬೇಕಾದರೆ ಸಂಸ್ಥೆ ತಾನೇ ಒಂದು ಪಕ್ಷ ಹಿಡಿಯದೆ ಇರಬೇಕು ಎಂಬುದು ಆ ವರದಿಯ ತಿರುಳು. ಅಮೆರಿಕದ ವಿದ್ಯಾಲಯಗಳಲ್ಲಿ ಇಂದಿಗೂ ಆ ವರದಿಯ ಪರವಾಗಿ, ವಿರೋಧವಾಗಿ ಚರ್ಚೆ ನಡೆಯುತ್ತದೆ.

ಇಷ್ಟೆಲ್ಲ ಗದ್ದಲದ ನಡುವೆಯೂ ಕುಲಪತಿಗಳು ಹಳೆಯ ಬಟ್ಟೆ ತೊಟ್ಟು ತೋಟದಲ್ಲಿ ಅಗೆಯುತ್ತಿದ್ದರು. ಹೂಗಿಡಗಳ ಜೊತೆಗೆ ಮುಸುಕಿನ ಜೋಳವನ್ನೂ ಬೆಳೆಯುತ್ತಿದ್ದರು. 1968ರಲ್ಲಿ ಪೀಠವನ್ನು ಎಡ್ವರ್ಡ್ ಲೆವಿ ಅವರಿಗೆ ಒಪ್ಪಿಸಿ, ವೈದ್ಯಸಂಶೋಧನೆಯ ಸಂಸ್ಥೆಯೊಂದನ್ನು ಒಂದೆರಡು ವರ್ಷ ನೋಡಿಕೊಂಡ ಬಳಿಕ, ಅರವತ್ತೈದು ದಾಟಿದ ಬೀಡ್ಲ್ ತಾರುಣ್ಯದಲ್ಲಿ ಬಿಟ್ಟಿದ್ದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಜೋಳ ಎಲ್ಲಿಂದ ಬಂತು?

ಟಿಯೊಸಿಂಟೆಯೇ ಜೋಳದ ತಾಯಿಯೆಂದು ಅವರು 1939ರಲ್ಲಿಯೇ ಬರೆದಿದ್ದರು. ಆದರೆ ಹಾರ್ವರ್ಡ್‌ನ ಪಾಲ್ ಮ್ಯಾಂಗಲ್ಸ್‌ಡಾರ್ಫ್ ಮುಂತಾದ ಪ್ರಬಲ ವಿದ್ವಾಂಸರು, ಜೋಳದ ಪೂರ್ವಜ ಅಳಿದುಹೋದ ಬೇರೊಂದು ಕಾಡುಜೋಳವೆಂದು ಸಾಧಿಸುತ್ತಿದ್ದರು. ನೋಡಿದವರಿಗೆ ಅವರ ಮಾತೇ ಸರಿಯೆನಿಸುತ್ತಿತ್ತು. ಟಿಯೊಸಿಂಟೆಯ ತೆನೆಯಲ್ಲಿರುವುದು ಬೆರಳೆಣಿಕೆಯ ಕಾಳುಗಳು. ಒಂದೊಂದು ಕಾಳಿಗೂ ಕಲ್ಲಿನಂಥ ಕವಚ. ಇಂಥದನ್ನು ಆದಿಮಾನವ ತಿಂದದ್ದಾದರೂ ಹೇಗೆ? ಬೀಡ್ಲ್ ಅದನ್ನು ಕಾಯಿಸಿ ನೋಡಿದರು. ಕಾಳು ಕವಚ ಒಡೆದು ಅರಳಾಯಿತು. ಅರೆದು ಹಿಟ್ಟು ಮಾಡಿ ತಾವೇ ತಿಂದು, ಅದು ಆಹಾರಕ್ಕೆ ಯೋಗ್ಯವೆಂದು ತೋರಿಸಿದರು.

ಮುಖ್ಯ ಪ್ರಯೋಗ ಮೆಕ್ಸಿಕೋದ ಹೊಲಗಳಲ್ಲಿ ನಡೆಯಿತು. ಹಳೆಯ ಬಗೆಯ ಜೋಳವನ್ನೂ ಟಿಯೊಸಿಂಟೆಯನ್ನೂ ಕೂಡಿಸಿ, ಅವುಗಳ ಎರಡನೆಯ ಪೀಳಿಗೆಯ ಸುಮಾರು 50,000 ಗಿಡಗಳನ್ನು ಬೆಳೆಸಲಾಯಿತು. ಲೆಕ್ಕ ಮೆಂಡೆಲರದೇ. ಎರಡಕ್ಕೂ ಇರುವ ಅಂತರ ಒಂದೇ ವಂಶವಾಹಿಯದಾಗಿದ್ದರೆ ನಾಲ್ಕು ಮೊಮ್ಮಕ್ಕಳಲ್ಲಿ ಒಂದು ಅಜ್ಜನನ್ನೂ ಒಂದು ಅಜ್ಜಿಯನ್ನೂ ಹೋಲಬೇಕು. ಎರಡಾಗಿದ್ದರೆ 16ರಲ್ಲಿ ಒಂದೊಂದು, ನಾಲ್ಕಾಗಿದ್ದರೆ 256ರಲ್ಲಿ ಒಂದೊಂದು, ಐದಾಗಿದ್ದರೆ 1,024ರಲ್ಲಿ ಒಂದೊಂದು. ಹೊಲದಲ್ಲಿ ಎಣಿಸಿದಾಗ ಸುಮಾರು 500ಕ್ಕೆ ಒಂದು ಅಪ್ಪಟ ಜೋಳದಂತೆಯೂ, 500ಕ್ಕೆ ಒಂದು ಅಪ್ಪಟ ಟಿಯೊಸಿಂಟೆಯಂತೆಯೂ ಇತ್ತು. ಅಂದರೆ ಕಲ್ಲುಕವಚದ ಹುಲ್ಲಿಗೂ ನಾವು ಸುಟ್ಟು ತಿನ್ನುವ ತೆನೆಗೂ ನಡುವೆ ಇರುವುದು ನಾಲ್ಕೈದು ಮುಖ್ಯ ವಂಶವಾಹಿಗಳ ಅಂತರ ಮಾತ್ರ. ಜಾನ್ ಡೋಬ್ಲಿ ಮತ್ತಿತರ ವಿಜ್ಞಾನಿಗಳು ಮುಂದೆ ಅಂಥ ಕೆಲವು ವಂಶವಾಹಿಗಳನ್ನೇ ಹೆಸರಿಟ್ಟು ಗುರುತಿಸಿದರು. ಸುಮಾರು 9,000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ರೈತರು ಆ ಹುಲ್ಲನ್ನು ಜೋಳವಾಗಿ ಪಳಗಿಸಿದರೆಂದು 2002ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬೀಡ್ಲ್ ಅವರ ಯೌವನದ ಎಣಿಕೆ ಗೆದ್ದಿತು. ಆದರೆ ಅದನ್ನು ಕಾಣಲು ಅವರಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಆಲ್ಜೈಮರ್ ಎಂಬ ಮರೆವಿನ ವ್ಯಾಧಿ ಅವರನ್ನು ಹಿಡಿಯಿತು. ಅಷ್ಟು ತಳಿಗಳ ಲೆಕ್ಕವಿಟ್ಟುಕೊಂಡಿದ್ದ ಮನಸ್ಸಿನಿಂದ ಒಂದೊಂದೇ ನೆನಪು ಜಾರಿತು. 1989ರ ಜೂನ್ 9ರಂದು ಕ್ಯಾಲಿಫೋರ್ನಿಯದ ಪೊಮೋನದಲ್ಲಿ, 85ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಬೇಸಾಯ ಕಲಿಯಲು ಹೋಗಿದ್ದ ನೆಬ್ರಾಸ್ಕ ವಿಶ್ವವಿದ್ಯಾನಿಲಯದಲ್ಲಿ ಇಂದು ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ, ಒಂದು ವಸ್ತು ಯಾವುದರಿಂದ ಆಗಿದೆ ಎಂಬ ಪ್ರಶ್ನೆಯೇ ಬೇರೆ, ಅದು ಯಾವುದಕ್ಕಾಗಿ ಇದೆ ಎಂಬ ಪ್ರಶ್ನೆಯೇ ಬೇರೆ ಎಂದು ಕಲಿಸುತ್ತಾರೆ. ಮೊದಲ ಪ್ರಶ್ನೆಗೆ ಬೀಡ್ಲ್ ಅವರ ವಿಜ್ಞಾನ ಅದ್ಭುತವಾದ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಅವರ ಬೂಷ್ಟಿನಲ್ಲಿ ಉತ್ತರವಿಲ್ಲ; ಅವರ ಬಾಳಿನಲ್ಲಿ ಸ್ವಲ್ಪಮಟ್ಟಿಗೆ ಇದೆ. ಪದವಿ ಬಂದಾಗ ಹೊತ್ತರು, ತಪ್ಪುಗಳನ್ನೂ ಮಾಡಿದರು, ಅವಧಿ ಮುಗಿದಾಗ ಇಳಿಸಿಟ್ಟರು. ಅವರಿಗೆ ಪದವಿ ಎರವಲು, ಕಸುಬು ಸ್ವಂತ. ಪೀಠದಿಂದಿಳಿದ ಮೇಲೆ ಮಾಡಲು ಕೆಲಸವಿಲ್ಲದೆ ಸೊರಗುವವರನ್ನು ನಾವು ಕಂಡಿದ್ದೇವೆ. ಬೀಡ್ಲ್ ಅವರಿಗೆ ಹಿಂದಿರುಗಲು ಒಂದು ಹೊಲವಿತ್ತು.

ವಾಹೂವಿನ ತಂದೆಗೆ ಮಗ ಜಮೀನಿಗೆ ಮರಳಲಿಲ್ಲವೆಂಬುದು ನಿಜ. ಆದರೆ ಮಗನನ್ನು ಮಣ್ಣು ಎಂದೂ ಬಿಡಲಿಲ್ಲ. ಬರುವ ಬೇಸಿಗೆಯಲ್ಲಿ ಫಲಿತಾಂಶ ಹಿಡಿದು ಮಕ್ಕಳು ಮನೆಗೆ ಬಂದಾಗ, ಓದು ಮುಂದುವರಿಸಬೇಕೆ ಬೇಡವೆ ಎಂದು ಚರ್ಚಿಸುವ ಹೆತ್ತವರು ಇದನ್ನು ನೆನೆಯಲಿ. ಮಗಳ ಓದಿಗೆ ತಡೆ ಬಂದಾಗ ತಮ್ಮ ಪಾಲನ್ನು ಬಿಟ್ಟುಕೊಟ್ಟ ತೆರೇಸಿಯಳನ್ನೂ ನೆನೆಯಲಿ. ಮಕ್ಕಳನ್ನು ಓದಲು ಕಳುಹಿಸಿ. ಕಳುಹಿಸುವ ಮುನ್ನ ಬಿತ್ತುವುದನ್ನೂ ಕಳೆ ಕೀಳುವುದನ್ನೂ ಕೈಯಾರೆ ಕಲಿಸಿ ಕಳುಹಿಸಿ.